ಹಬ್ಬದ ಮರುದಿನ

ನಮ್ಮ ಅತ್ತೆಯ ಮುಂಗೈಗಳಲ್ಲಿ ಎರಡು ಬಂಗಾರದ ಪಾಟ್ಲಿಗಳಿದ್ದವು. ಇದ್ದವು ಅನ್ನುವುದಕ್ಕಿಂತ ಹೂತುಕೊಂಡಿದ್ದವು ಅನ್ನಬೇಕು. ಮದುವೆಯಲ್ಲಿ ಏರಿಸಿದ ಆ ದಪ್ಪ ಬಳೆಗಳ ಆಚೆಈಚೆ ಕೈ ತುಂಬಿಕೊಂಡು, ಬಂಗಾರ ಒಳಗಿನಿಂದಲೇ ಬೆಳೆದು ಬಂದ ಹಾಗೆ ಕಾಣುತ್ತಿತ್ತು. ಹೋಳಿಗೆ ಲಟ್ಟಿಸುವಾಗ ಬೇರೆ ಹೆಂಗಸರ ಬಳೆಗಳು ಮಾತಾಡುತ್ತವೆ. ಇವರ ಪಾಟ್ಲಿ ಮಾತ್ರ ಮೌನ. ಕೈಯೊಂದೇ ಹೋಗಿ ಬರುತ್ತಿತ್ತು.

ನಾನು ಸೊಸೆಯಾಗಿ ಬಂದ ಹೊಸತರಲ್ಲಿ, ಮಾತಿಗೆ ಮಾತು ಸೇರಿಸಬೇಕೆಂಬ ಗಡಿಬಿಡಿಯಲ್ಲಿ, "ಇವನ್ನ ಹ್ಯಾಂಗ ತೆಗೀತೀರಿ ಅತ್ಯಾರ?" ಎಂದು ಕೇಳಿಬಿಟ್ಟೆ. ಅವರು ನನ್ನನ್ನು ನೋಡಿದರು, ಪಾಟ್ಲಿ ನೋಡಿದರು. "ಯಾಕವಾ? ಎಲ್ಲಿಗೆ ಹೊಂಟಾವು ಅವು?" ಅಂದರು. ಮುಂದೆ ತಮ್ಮ ತವರುಹಳ್ಳಿ ಸುಳ್ಳಕ್ಕೆ ಹೋದಾಗಲೆಲ್ಲ, ಬಂದ ತಿಂಗಳಲ್ಲೇ ಅತ್ತೆಯ ಬಂಗಾರ ಬಿಚ್ಚುವ ಉಪಾಯ ಕೇಳಿದ ಸೊಸೆ ಎಂದು ನನ್ನ ಕಥೆ ಹೇಳಿ ಮಂದಿಯನ್ನು ನಗಿಸುತ್ತಿದ್ದರು. ನನಗೆ ಎಷ್ಟೋ ದಿನ ನಿದ್ದೆ ಬಂದಿರಲಿಲ್ಲ.

ನಿದ್ದೆ ಬಾರದಿರಲು ನನಗೆ ಕಾರಣವೇ ಬೇಕಾಗಿಲ್ಲ, ಆ ಮಾತು ಬೇರೆ. ನಾನು ಚಿಂತೆಯ ಹೆಂಗಸು. ಬೈರಿದೇವರಕೊಪ್ಪದಲ್ಲಿ ಬಸ್ಸು ಹತ್ತಿದರೆ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಸತ್ತೂರು ದಾಟುವ ತನಕ ಚಿಂತಿಸುತ್ತೇನೆ. ಅಲ್ಲಿಂದ ಧಾರವಾಡದವರೆಗೆ ಆಫೀಸಿನ ಚಿಂತೆ. ಆದರೆ ಎಲ್ಲಕ್ಕಿಂತ ಹಳೆಯ ಚಿಂತೆ ಒಂದಿದೆ. ನನ್ನ ತಾಯಿಗೆ ಸಕ್ಕರೆ ಕಾಯಿಲೆ ಇತ್ತು. ಕೊನೆಯ ವರ್ಷಗಳಲ್ಲಿ ಕಣ್ಣು ಪೂರಾ ಮಂಜಾಗಿ, ನನ್ನನ್ನು ಹೆಜ್ಜೆಯ ಸಪ್ಪಳದಿಂದ ಗುರುತು ಹಿಡಿಯುತ್ತಿದ್ದಳು. ಹೀಗಾಗಿ ನಲವತ್ತೈದು ದಾಟಿದ ಮೇಲೊಮ್ಮೆ ಡಾಕ್ಟರು ನನ್ನ ರಕ್ತದ ವರದಿ ನೋಡಿ, "ಸಕ್ಕರಿ ಇನ್ನೂ ಒಳಗ ಬಂದಿಲ್ರಿ. ಬಾಗಲದಾಗ ನಿಂತು ಚಪ್ಪಲಿ ಬಿಡಾಕತ್ತೈತಿ. ತೂಕ ಇಳಸ್ರಿ" ಎಂದಾಗ, ಮನೆಗೆ ಬರುವಷ್ಟರಲ್ಲಿ ನನಗೆ ರಸ್ತೆಯ ಬೋರ್ಡುಗಳೆಲ್ಲ ಮಸುಕಾಗಿ ಕಾಣತೊಡಗಿದ್ದವು. ಕನ್ನಡಕ ಒರೆಸಿಕೊಂಡ ಮೇಲೆ ಸರಿಹೋಯಿತು.

ಮರುದಿನವೇ ಫ್ರಿಜ್ಜಿನ ಮೇಲೆ ಆಸ್ಪತ್ರೆಯಲ್ಲಿ ಬರೆದುಕೊಟ್ಟ ಪಥ್ಯದ ಪಟ್ಟಿ ಅಂಟಿಸಿದೆ. ಅತ್ತೆ ಕನ್ನಡಕ ಏರಿಸಿ, ಮೇಲಿನಿಂದ ಕೆಳಗೆ ಬೆರಳಾಡಿಸುತ್ತ ಓದಿದರು.

"ಸೋಮಾರ ಐತಿ, ಮಂಗಳಾರ ಐತಿ. ಐತಾರ ಮಟಾ ಐತಿ. ಇದರಾಗ ಯುಗಾದಿ ಎಲ್ಲೈತಿ?"

"ಯುಗಾದಿ ಇರೂದಿಲ್ರಿ ಅತ್ಯಾರ. ಎಲ್ಲಾ ದಿನಾನೂ ಒಂದ."

"ಬರದಾಂವಗ ಅವ್ವ ಇಲ್ಲೇನ ಪಾಪ?" ಎಂದು ಅವರು ಜೋಳದ ಹಿಟ್ಟು ನಾದಲು ಹೋದರು.

ನಮ್ಮ ಮನೆಯಲ್ಲಿ ಹಬ್ಬದ ದಿನ ಎಲ್ಲರಿಗೂ ಬಡಿಸಿ, ಕಡೆಗೆ ನಾವಿಬ್ಬರು ಅಡುಗೆಮನೆಯಲ್ಲಿ ಎದುರುಬದುರು ಕೂತು ಉಣ್ಣುವುದು ವಾಡಿಕೆ. ನನ್ನ ಗಂಡ ಡೈನಿಂಗ್ ಟೇಬಲ್ ತಂದಿಟ್ಟ ಮೇಲೂ ಅದು ಬದಲಾಗಲಿಲ್ಲ. ಆ ವರ್ಷದ ಯುಗಾದಿಗೆ ನಾನು ನನ್ನ ತಾಟಿಗೆ ಒಂದು ರೊಟ್ಟಿ, ನಾಲ್ಕು ಸೌತೆಕಾಯಿ ಹೋಳು ಹಾಕಿಕೊಂಡು ಹುತಾತ್ಮಳ ಮುಖ ಮಾಡಿ ಕೂತೆ. ಅತ್ತೆ ನೋಡಿದರು. ತಮ್ಮ ತಾಟಿನಲ್ಲಿದ್ದ ಹೋಳಿಗೆಯನ್ನು ಎತ್ತಿ ಬುಟ್ಟಿಗೆ ವಾಪಸು ಇಟ್ಟರು.

"ನೀವು ತಿನ್ರಿ ಅತ್ಯಾರ, ನಿಮಗೇನಾಗೇತಿ?"

"ಒಬ್ಬಾಕಿ ಹ್ಯಾಂಗ ತಿನ್ನಲಿ? ಎದುರಿಗೆ ಒಂದು ಬಾಯಿ ಆಡಬೇಕು. ಇಲ್ಲಂದ್ರ ಅದು ಹಬ್ಬ ಅಲ್ಲ, ಹೊಟ್ಟಿ ತುಂಬಸೂದು."

ನಾನು ಹಟಕ್ಕೆ ಬಿದ್ದು ಸೌತೆಕಾಯಿ ಕಡಿದೆ. ಇಡೀ ಓಣಿಗೆ ಕೇಳುವಷ್ಟು ಸಪ್ಪಳವಾಯಿತು.

ಮರುದಿನ ಸಂಜೆ ಆಫೀಸಿನಿಂದ ಬಂದಾಗ ಮನೆಯಲ್ಲಿ ಯಾರೂ ಕಾಣಲಿಲ್ಲ. ಹೋಳಿಗೆ ಒಂದು ದಿನ ತಂಗಿದರೆ ಅದಕ್ಕೊಂದು ಬೇರೆಯೇ ರುಚಿ ಬರುತ್ತದೆ ಎಂಬುದು ಗೊತ್ತಿದ್ದವರಿಗೆ ಗೊತ್ತು. ಮುರುಕು ಒಂದನ್ನಷ್ಟೇ ಬಾಯಿಗೆ ಹಾಕಿಕೊಂಡೆ. ಮುರುಕು ತಿಂದ ಮೇಲೆ ಉಳಿದ ತುಂಡು ವಿಕಾರವಾಗಿ ಕಂಡಿತು, ಅದನ್ನೂ ತಿಂದೆ. ಆಮೇಲೆ ತಣ್ಣನೆಯ ಹಾಲು ಕಂಡಿತು. ಎಷ್ಟನೆಯದೋ ತಿನ್ನುವಾಗ ಹಿಂದೆ ಯಾರೋ ನಿಂತ ಹಾಗಾಯಿತು.

"ನಿನ್ನೆ ದೇವರ ಮುಂದ ಬ್ಯಾಡ ಅಂದಾಕಿ, ಇವತ್ತ ಕಳ್ಳರಂಗ ನಿಂತು ತಿನ್ನಾಕತ್ತಿಯಲ್ಲ," ಅಂದರು ಅತ್ತೆ. "ಕುಂದರಾಕರೆ ಪುರಸೊತ್ತ ಮಾಡ್ಕೋ."

ಬಾಯಿ ತುಂಬ ಹೋಳಿಗೆ ಇತ್ತು. ಅಳು ಬಂದಿತ್ತು. ಬಾಯಿ ತುಂಬಿದ್ದಾಗ ಅಳುವುದು ಎಷ್ಟು ಕಷ್ಟ ಎಂಬುದನ್ನು ಯಾವ ಪಟ್ಟಿಯೂ ಹೇಳಿರುವುದಿಲ್ಲ. ಅವರು ಕೈಹಿಡಿದು ಕೂರಿಸಿದರು, ನೀರು ಕೊಟ್ಟರು. ನಾನು ಅಮ್ಮನ ಕಣ್ಣಿನ ಮಾತು ಹೇಳಿದೆ. ಅಷ್ಟು ವರ್ಷಗಳಲ್ಲಿ ಅದನ್ನು ಅವರ ಮುಂದೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವರು ಹೋಳಿಗೆಯ ಬುಟ್ಟಿಗೆ ಮುಚ್ಚಳ ಹಾಕಿ ಬಂದು ಕೂತರು. ಆಮೇಲೆ ಹೇಳಿದ ಮಾತು ಇದು:

"ನೋಡವಾ, ನೀ ದಪ್ಪ ಆಗಿದ್ದು ಹಬ್ಬದಾಗಲ್ಲ. ಹಬ್ಬದ ಮರುದಿನ. ಹಬ್ಬ ಒಂದ ದಿನ ಇರತೈತಿ. ಮರುದಿನ ಅನ್ನೂದು ನಿನಗ ಹದಿನೈದು ದಿನ ಇರತೈತಿ."

ಅಂದಿನಿಂದ ನನ್ನ ಪಥ್ಯದ ಕಾರಭಾರ ಅವರ ಕೈಗೆ ಹೋಯಿತು. ವಾರದ ದಿನಗಳಲ್ಲಿ ಪಟ್ಟಿ ಬರೆದವನಿಗಿಂತ ಅವರೇ ಬಿಗಿ. ನಾನು ಎರಡನೇ ರೊಟ್ಟಿಗೆ ಕೈ ಹಾಕಿದರೆ, "ಇವತ್ತ ಯಾವ ಹಬ್ಬ?" ಎಂದು ಕ್ಯಾಲೆಂಡರಿನತ್ತ ನೋಡುತ್ತಿದ್ದರು. ಹಬ್ಬದ ದಿನ ಮಾತ್ರ ಎದುರಿಗೆ ಕೂತು, ಎರಡು ಬಿಸಿ ಹೋಳಿಗೆ, ಮೇಲೆ ತುಪ್ಪ, ಬದಿಗೆ ಹಾಲು. "ಲೆಕ್ಕಾ ಮಾಡ್ಕೋತ ತಿನ್ನಬ್ಯಾಡ, ಮೈಗೆ ಹತ್ತೂದಿಲ್ಲ" ಎಂದರೆ, "ಹತ್ತಬಾರದಂತನ ಇಷ್ಟೆಲ್ಲಾ ಮಾಡಾಕತ್ತೇನ್ರಿ!" ಎಂದು ನಾನು. ಇಬ್ಬರೂ ನಕ್ಕು, ದೀಪ ಹಚ್ಚುವುದರೊಳಗೆ ಉಳಿದ ಹೋಳಿಗೆಯನ್ನೆಲ್ಲ ಡಬ್ಬಿಗಳಿಗೆ ತುಂಬಿ ಓಣಿಯ ಮನೆಮನೆಗೆ ಬೀರಿ ಬರುತ್ತಿದ್ದೆವು.

ಇದರಲ್ಲೊಂದು ತೊಡಕಿತ್ತು. ನಮ್ಮ ಕಡೆ ಯಾರೂ ಡಬ್ಬಿಯನ್ನು ಖಾಲಿ ಕೊಡುವುದಿಲ್ಲ. ಮೊದಲ ಸಲ ನಾವು ಬೀರಿ ಬಂದು ಕಾಲು ತೊಳೆಯುವಷ್ಟರಲ್ಲಿ, ನಮ್ಮವೇ ಡಬ್ಬಿಗಳಲ್ಲಿ ಅವರವರ ಮನೆಯ ಹೋಳಿಗೆ ವಾಪಸು ಬಂದವು. ಕೊಟ್ಟದ್ದಕ್ಕಿಂತ ಬಂದದ್ದೇ ಜಾಸ್ತಿ. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಓಣಿಯ ನಡುವೆ ನಿಂತು ಸಾರಿಯೇಬಿಟ್ಟರು:

"ನಮ್ಮ ಡಬ್ಬಿಗೆ ಇನ್ನ ಮ್ಯಾಲೆ ಒಂದು ಚಮಚಾ ಸಕ್ಕರಿ ಹಾಕಿ ಕಳಸ್ರಿ, ಸಾಕು! ನಮ್ಮ ಸೊಸಿ ತೂಕ ಇಳಸಾಕತ್ತಾಳ!"

ಮರುದಿನ ಹಾಲಿನವನೂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇಳದೀರಿ ಬಿಡ್ರಿ ವೈನಿ" ಅಂದ.

ನಾಗರಪಂಚಮಿಯದು ಇನ್ನೂ ದೊಡ್ಡ ಕಂಟಕ. ಶೇಂಗಾ ಉಂಡಿ, ಎಳ್ಳುಂಡಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಬಂದವರಿಗೆ ಕೊಡಲು ಇರಲೂ ಬೇಕು. ಅತ್ತೆ ಉಂಡಿಯ ದೊಡ್ಡ ಡಬ್ಬಿಯನ್ನೇ ಒಯ್ದು ಎದುರುಮನೆಯ ಅಕ್ಕನ ಹತ್ತಿರ ಇಟ್ಟರು. ಆ ಅಕ್ಕ ಅತ್ತೆಗೆ ಮಗಳಂಥ ಗೆಳತಿ. "ಈಕಿ ಬಂದು ಕೇಳಿದ್ರ ಕೊಡು. ಆದ್ರ ಏನ ಕೆಲಸ ಐತಿ ಅಂತ ಬಾಗಲದಾಗ ನಿಂದರಿಸಿ, ಜೋರಾಗಿ ಕೇಳು" ಎಂದು ಅವರಿಗೆ ಹೇಳಿ ಬಂದರು. ನಾನು ಕೇಳಲು ಹೋಗಲಿಲ್ಲ. ತಿಂಗಳ ಕೊನೆಗೆ ಡಬ್ಬಿ ತೆಗೆದರೆ ಉಂಡಿ ಅರ್ಧಕ್ಕೆ ಇಳಿದಿದ್ದವು. ತೂಕ ಏರಿದ್ದು ಅಕ್ಕನ ಯಜಮಾನರದು.

ಒಂದೆರಡು ವರ್ಷ ಹೀಗೇ ನಡೆಯಿತು. ನನ್ನ ತೂಕ ಒಮ್ಮೆಲೇ ಅಲ್ಲದಿದ್ದರೂ, ಬೇಸಿಗೆಯಲ್ಲಿ ಬಾವಿಯ ನೀರು ಇಳಿದ ಹಾಗೆ, ಗೊತ್ತಾಗದಂತೆ ಇಳಿಯಿತು. "ಸಕ್ಕರಿ ಮತ್ತ ಚಪ್ಪಲಿ ಮೆಟ್ಟಿಕೊಂಡೈತಿ. ಹೋತು ಅನ್ನಾಕಾಗೂದಿಲ್ಲ, ಗೇಟಿನ ಕಡೆ ಮುಖಾ ಮಾಡೈತಿ" ಎಂದರು ಡಾಕ್ಟರು. ಅತ್ತೆ ಅಂದು ತಾವೇ ಡಬ್ಬಿಯಿಂದ ಒಂದು ಚಿಟಿಕೆ ಸಕ್ಕರೆ ತೆಗೆದು ನನ್ನ ಬಾಯಿಗೆ ಹಾಕಿದರು.

ಆ ದೀಪಾವಳಿಯ ದಿನ ನಾನು ಹೂರಣ ರುಬ್ಬುತ್ತಿದ್ದೆ. ಅತ್ತೆ ಬೆನ್ನು ಹಾಕಿ ಕೂತು ಹೋಳಿಗೆ ಲಟ್ಟಿಸುತ್ತಿದ್ದರು. ಮಿಕ್ಸರ್ ನಿಂತಾಗಲೆಲ್ಲ ಕಟ್, ಕಟ್ ಎಂದು ಏನೋ ಮಣೆಗೆ ಬಡಿಯುವುದು ಕೇಳುತ್ತಿತ್ತು. ತಿರುಗಿ ನೋಡಿದೆ. ಅವರ ಪಾಟ್ಲಿ. ಮುಂಗೈಯಿಂದ ಜಾರಿ, ಲಟ್ಟಣಿಗೆಯ ಜೊತೆ ಹೋಗಿ ಬರುತ್ತಿತ್ತು.

"ಅತ್ಯಾರ, ನೀವೂ ನನ್ನ ಸಂಗಾಟ ಡಯಟ್ ಮಾಡಾಕತ್ತೀರೇನು?" ಎಂದು ನಕ್ಕೆ. ಅವರೂ ನಕ್ಕರು. ದಿನವಿಡೀ ಇಲ್ಲದ ಚಿಂತೆ ಮಾಡುವ ನಾನು, ಮಾಡಲೇಬೇಕಾದ ಚಿಂತೆಯ ಎದುರು ನಿಂತು ಅಂದು ಚೇಷ್ಟೆ ಮಾಡಿದೆ.

ಅತ್ತೆಗೆ ಆಗಿದ್ದು ಹೊಟ್ಟೆಯೊಳಗಿನ ಕಾಯಿಲೆ. ತಪಾಸಣೆ, ಆಸ್ಪತ್ರೆ, ಎಲ್ಲ ಆಯಿತು. ಕಡೆಗೆ ದೊಡ್ಡ ಡಾಕ್ಟರು ನನ್ನನ್ನೂ ನನ್ನ ಗಂಡನನ್ನೂ ಹೊರಗೆ ಕರೆದು, "ಮನಿಗೆ ಕರಕೊಂಡು ಹೋಗ್ರಿ. ಏನು ತಿಂತೀನಿ ಅಂತಾರೋ ಅದನ್ನ ಕೊಡ್ರಿ" ಅಂದರು. ಇಷ್ಟು ವರ್ಷ ಡಾಕ್ಟರ ಬಾಯಿಂದ ನಾನು ಕೇಳಬೇಕೆಂದು ಹಂಬಲಿಸಿದ್ದ ಮಾತು. ಅದು ಇಷ್ಟು ಕೆಟ್ಟ ಮಾತಾಗಿರಬಹುದೆಂದು ಗೊತ್ತಿರಲಿಲ್ಲ.

ಯುಗಾದಿ ಬಂತು. ಅತ್ತೆಯ ಮಂಚವನ್ನು ಅಡುಗೆಮನೆಯ ಬಾಗಿಲಿಗೆ ಸರಿಸಿದ್ದೆವು. ಮೊದಲ ಬಾರಿಗೆ ಒಬ್ಬಳೇ ಹೋಳಿಗೆ ಮಾಡಿದೆ. ಅವರು ಕಣ್ಣು ಮುಚ್ಚಿಕೊಂಡೇ, "ಬೆಲ್ಲ ತಳಾ ಹಿಡ್ಯಾಕತ್ತೈತಿ ನೋಡ" ಎನ್ನುತ್ತಿದ್ದರು, ವಾಸನೆಯಲ್ಲೇ. ಎಲ್ಲರದೂ ಊಟವಾದ ಮೇಲೆ ನನ್ನ ತಾಟನ್ನು ಮಂಚದ ಬಳಿ ತಂದು ಕೂತೆ. ಉಗುರಿನಷ್ಟು ಹೋಳಿಗೆ ಮುರಿದು ಅವರ ನಾಲಿಗೆಗೆ ಇಟ್ಟೆ. ಅವರು ಅದನ್ನು ಬಹಳ ಹೊತ್ತು ಹಾಗೇ ಇಟ್ಟುಕೊಂಡರು.

"ಇನ್ನ ನೀ ಉಣ್ಣು."

ಜನ್ಮದಲ್ಲಿ ಮೊದಲ ಸಲ ಹೋಳಿಗೆ ನನಗೆ ಬೇಡವಾಗಿತ್ತು.

"ಮಾರಿ ಸೊಟ್ಟ ಮಾಡ್ಕೊಂಡು ತಿನ್ನಬ್ಯಾಡ. ಪಾಪ, ಹೋಳಿಗಿ ನಿನಗೇನ ಮಾಡೈತಿ?"

ತಿಂದೆ. ಒಂದಾದ ಮೇಲೆ ಇನ್ನೊಂದು, ತುಪ್ಪ ಹಾಕಿಕೊಂಡು, ಹಾಲು ಹಾಕಿಕೊಂಡು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಬಾಯಲ್ಲಿ ಏನೂ ಇರಲಿಲ್ಲ. ಆದರೂ ನನ್ನ ಬಾಯಿಯ ಜೊತೆ ಅವರ ಬಾಯಿಯೂ ಮೆಲ್ಲಗೆ ಆಡುತ್ತಿತ್ತು.

ತಾಟು ಬರಿದಾದ ಮೇಲೆ ಅವರು ಪಾಟ್ಲಿಗಳನ್ನು ಒಂದೊಂದಾಗಿ ಕೈಯಿಂದ ಇಳಿಸಿ ನನ್ನ ಮಡಿಲಿಗೆ ಹಾಕಿದರು. ಎಳೆಯಬೇಕಾಗಲೇ ಇಲ್ಲ.

"ಹೊಸಾ ಸೊಸಿ ಇದ್ದಾಗ ಕೇಳಿದ್ದಿಯಲ್ಲ, ಹ್ಯಾಂಗ ತೆಗೀತೀರಿ ಅಂತ," ಅಂದರು. "ಹಿಂಗ."

ನನ್ನ ಕೈಗೆ ಏರಿಸಲು ನೋಡಿದೆವು. ಗೆಣ್ಣಿನ ಹತ್ತಿರ ನಿಂತವು. ಅವರಿಗೆ ಅದರಲ್ಲೂ ನಗು ಬಂತು. "ಇನ್ನ ತೂಕ ಇಳಸು ಅನ್ನೂದಿಲ್ಲ. ಅಕ್ಕಸಾಲಿ ಕಡೆ ಹೋಗಿ ದೊಡ್ಡವು ಮಾಡಸ್ಕೋ. ಈಗ ಉಳಿದ ಹೋಳಿಗಿ ಬೀರಿ ಬಾ. ನಾಳಿಗೆ ಇಡಬ್ಯಾಡ."

ಕಾರಹುಣ್ಣಿಮೆ ಬರುವುದರೊಳಗೆ ಅವರು ಹೋದರು. ಸಂಜೆಯ ಹೊತ್ತು, ನಾನು ಬಸ್ಸಿಳಿದು ಬಂದು ಕೈ ಹಿಡಿದುಕೊಂಡ ಮೇಲೆ.

ವರ್ಷ ತುಂಬುವ ತನಕ ನಮ್ಮ ಮನೆಯಲ್ಲಿ ಹಬ್ಬವಿಲ್ಲ, ಸಿಹಿ ಮಾಡುವಂತಿಲ್ಲ. ಪಂಚಮಿಯಲ್ಲಿ, ದೀಪಾವಳಿಯಲ್ಲಿ ನಾನು ರಜೆ ಹಾಕದೆ ಆಫೀಸಿಗೇ ಹೋಗಿ ಕೂತೆ. ಯುಗಾದಿಯ ದಿನ ಮಾತ್ರ ಹೋಗಲು ಕಾಲು ಏಳಲಿಲ್ಲ. ನನ್ನ ಗಂಡನಿಗೆ ರೊಟ್ಟಿ, ಬ್ಯಾಳಿ ಬಡಿಸಿದೆ. ಅವರು ತಲೆ ಎತ್ತದೆ ಉಂಡು ಹೊರಗೆ ಹೋದರು. ತೂಕ ಇಳಿಸುವವರಿಗೆ ಇದಕ್ಕಿಂತ ಒಳ್ಳೆಯ ಹಬ್ಬವಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ರೊಟ್ಟಿ ಮುರಿಯುತ್ತಿದ್ದೆ.

ಎದುರುಮನೆಯ ಅಕ್ಕ ಬಾಗಿಲು ದೂಡಿ ಬಂದರು. ಕೈಯಲ್ಲಿ ಡಬ್ಬಿ. ಮುಚ್ಚಳದ ಒಳಗೆಲ್ಲ ಹಬೆ ಹನಿಗಟ್ಟಿತ್ತು.

"ಇಟ್ಟ ಹೋಗ್ರಿ ಅಕ್ಕಾರ, ಆಮ್ಯಾಲೆ ತಿಂತೀನಿ."

"ಇಟ್ಟ ಹೋಗಂಗಿಲ್ಲ. ಕುಂದರ್ರಿ." ಅವರು ತಾವೇ ಎರಡು ಮಣೆ ಎಳೆದು ಎದುರುಬದುರು ಹಾಕಿದರು. ಹಾಕಿದ ಜಾಗವೂ ಸರಿಯಾಗಿ ಅದೇ. "ಹ್ವಾದ ವರ್ಷ ನೀವು ಆಫೀಸಿಗೆ ಹೋದಾಗ ನಿಮ್ಮತ್ತಿ ನನ್ನ ಕಡೆ ಮಾತ ತಗೊಂಡಾರ್ರಿ. ‘ನಾ ಇಲ್ಲದ ಯುಗಾದಿಗೆ ನಮ್ಮನ್ಯಾಗ ಹೋಳಿಗಿ ಇರೂದಿಲ್ಲ, ಹಬ್ಬದ ದಿನಾನ ಬಿಸೀದು ಎರಡು ಒಯ್ದ ಕೊಡು. ಇಟ್ಟ ಬರಬ್ಯಾಡ, ಇಟ್ಟ್ರ ಮರುದಿನಾ ನಿಂತು ತಿಂತಾಳ. ಎದುರಿಗೆ ಕುಂತು ನೀನೂ ಒಂದು ತುತ್ತ ತಿನ್ನು’ ಅಂದಾರ."

ನಾನು ಕೂತೆ. ಅಕ್ಕ ತಮ್ಮ ಪಾಲಿನದನ್ನು ಮುರಿದು ಬಾಯಿಗೆ ಹಾಕಿಕೊಂಡರು. ಕಣ್ಣು ತುಂಬಿದ್ದರಿಂದ ನನಗೆ ಅವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಎದುರಿಗೆ ಒಂದು ಬಾಯಿ ಆಡುತ್ತಿತ್ತು, ಅಷ್ಟು ಕಾಣುತ್ತಿತ್ತು. ಎರಡೂ ಹೋಳಿಗೆ ಬಿಸಿಯಾಗಿ, ಪೂರ್ತಿಯಾಗಿ, ಲೆಕ್ಕ ಮಾಡದೆ ತಿಂದೆ.

ಡಬ್ಬಿ ತೊಳೆದು, ಒರೆಸಿ, ಒಂದು ಚಮಚ ಸಕ್ಕರೆ ಹಾಕಿ ಕೊಟ್ಟೆ.

ಮರುದಿನ ಸಂಜೆ ಆಫೀಸಿನಿಂದ ಬಂದವಳು ಚಪ್ಪಲಿ ಬಿಟ್ಟು, ಹಳೆಯ ಚಾಳಿಯಂತೆ ನೇರ ಅಡುಗೆಮನೆಗೆ ಹೋಗಿ ಹೋಳಿಗೆಯ ಬುಟ್ಟಿಯ ಮುಚ್ಚಳ ತೆಗೆದೆ. ಏನೂ ಇರಲಿಲ್ಲ. ಪಕ್ಕದ ಡಬ್ಬಿಯಲ್ಲಿ ರೊಟ್ಟಿ ಇತ್ತು. ಮಣೆ ಹಾಕಿಕೊಂಡು, ಕುಳಿತು ತಿಂದೆ.