ವಿಜಯಮ್ಮನ ಕೆಮ್ಮಣ್ಣಿನ ಗೆರೆ

ಸಾಲಗಾಮೆಯ ವಿಜಯಮ್ಮನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನಾಗಬೇಕು? ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿದವಳು ನಾನು. ಆಕೆ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ರಾಗಿ ಹೊಲಕ್ಕಿಳಿದವಳು. ಆದರೂ ಯಾರಿಗೆ ಸರ್ಪಸುತ್ತು ಎದ್ದರೂ ಹಾಸನದಿಂದ, ಅರಕಲಗೂಡಿನಿಂದ ಬಸ್ಸು ಹತ್ತಿ ಆಕೆಯ ಜಗಲಿಗೇ ಬರುತ್ತಾರೆ.

ಅತ್ತೆಯಿಂದ ಕಲಿತ ವಿದ್ಯೆಯಂತೆ. ಬೊಕ್ಕೆಗಳ ಸಾಲು ಮೈ ಸುತ್ತಿ, ಸರ್ಪದ ತಲೆ ಬಾಲ ಕೂಡಿದರೆ ಜೀವ ಹೋಗುತ್ತದೆಂದು ಜನರ ನಂಬಿಕೆ. ಕೂಡದಂತೆ ವಿಜಯಮ್ಮ ಕೆಮ್ಮಣ್ಣು ಕಲಸಿ ಅಡ್ಡಗೆರೆ ಎಳೆಯುತ್ತಾಳೆ. ಎರಡು ಮೂರು ವಾರಕ್ಕೆ ಬೊಕ್ಕೆ ಒಣಗುತ್ತದೆ. ಹೆಸರು ಆಕೆಗೆ! ನಿಜಕ್ಕೂ ದುಡಿದದ್ದು ಬಿಳಿ ರಕ್ತಕಣಗಳು. ತುಂಬಿದ ಬಸ್ಸಿನಲ್ಲಿ ಕಂಡಕ್ಟರ್ ತೂರುವ ಹಾಗೆ, ಚರ್ಮದ ಜೀವಕೋಶಗಳ ಸಂದಿಯಲ್ಲಿ ಮೈ ಕುಗ್ಗಿಸಿ ಹಿಗ್ಗಿಸಿ ತೂರಿ, ವೈರಸ್ ಹೊಕ್ಕ ಕೋಶವನ್ನು ತಡವಿ ಗುರುತಿಸಿ ಕೊಲ್ಲುತ್ತವೆ. ಇದನ್ನು ಹೇಳಹೊರಟರೆ ಕೇಳುವವರಿಲ್ಲ.

ಹೋದ ಕಾರ್ತೀಕದಲ್ಲಿ ನನ್ನ ಯಜಮಾನರು ಮನೋಹರ ಅವರ ಬೆನ್ನಿಗೇ ಸರ್ಪಸುತ್ತು ಎದ್ದಿತು. ಮೂರು ದಿನದೊಳಗೆ ಮಾತ್ರೆ ಶುರುಮಾಡಿ, ತಡವಾದರೆ ನೋವು ತಿಂಗಳುಗಟ್ಟಲೆ ಉಳಿಯಬಹುದು ಎಂದು ಡಾಕ್ಟರು ಬರೆದುಕೊಟ್ಟರು. ಇವರು ಮುಟ್ಟಲಿಲ್ಲ. ಕೆಮ್ಮಣ್ಣು ಹಾಕಿಸುವವರು ಮಾತ್ರೆ ನುಂಗಿದರೆ ಸರ್ಪ ಮುನಿಯುತ್ತದಂತೆ! ಬಿಳಿ ರಕ್ತಕಣದ ಚಿತ್ರ ಬರೆದು ಪಾಠ ಮಾಡಿದೆ. ಗೋಡೆಯ ಕಡೆ ತಿರುಗಿ ಮಲಗಿದರು. ಮೂರನೇ ದಿನ ಬೆಳಿಗ್ಗೆ ಹಲ್ಲು ಕಚ್ಚಿಕೊಂಡು ನಾನೇ ಸಾಲಗಾಮೆಗೆ ಕರೆದೊಯ್ದೆ.

ನನಗೆ ಸರಿಯಾಗಿ ತೋರಿಸದ ಬೆನ್ನನ್ನು ಆಕೆಯ ಮುಂದೆ ಅಂಗಿ ಬಿಚ್ಚಿ ತೋರಿಸಿದರು.

“ಬೋ ನೋಯ್ತದಾ, ಸಾ?” ವಿಜಯಮ್ಮ ಕೇಳಿದಳು.

ಇವರ ಕಣ್ಣು ತುಂಬಿತು. “ಬೆಂಕಿ ಇಟ್ಟಂಗೆ ಉರಿಯುತ್ತೆ ಕಣಮ್ಮ. ಮೂರು ದಿನದಿಂದ ನಿದ್ದೆಯಿಲ್ಲ.”

ನನಗೆ ಒಂದು ಸಲವೂ ಹೇಳಿರಲಿಲ್ಲ.

“ಡಾಕ್ಟ್ರು ಗುಳಿಗೆ ಕೊಟ್ಟವ್ರಾ? ಮೊದ್ಲು ಅದ ನುಂಗಿ. ನುಂಗ್ದಿದ್ರೆ ನಾನು ಗೆರೆ ಎಳೆಯಾಕಿಲ್ಲ. ಬರೋರ್ಗೆಲ್ಲ ಇಂಗೇ ಯೋಳೋದು.”

ನನ್ನ ಬ್ಯಾಗಿನಿಂದಲೇ ಮಾತ್ರೆ ತೆಗೆದು ಕೊಟ್ಟೆ. ಇವರು ತೆಪ್ಪಗೆ ನುಂಗಿದರು. ಆಮೇಲೆ ಆಕೆ ಗೆರೆ ಎಳೆದಳು.

ಹೊರಡುವಾಗ ತಡೆಯಲಾರದೆ ಕೇಳಿದೆ, “ನಾನು ಮೂರು ದಿನ ಬಡಕೊಂಡೆ. ನೀನು ಒಂದೇ ಮಾತಿಗೆ ನುಂಗಿಸಿದೆಯಲ್ಲ, ಹೇಗೆ?”

“ನಂಗೇನ್ ಗೊತ್ತು ಟೀಚರಮ್ಮ? ನೋಯ್ತದಾ ಅಂದೆ, ಅಷ್ಟೇಯ. ನೀವೂ ಕೇಳಿರ್ತೀರಿ.”

ನಾನು ಕೇಳಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಇವರು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು. ಈಗ ಕೇಳೋಣವೆಂದರೆ ಎಬ್ಬಿಸಬೇಕಿತ್ತು.