ನಾಲ್ಕು ಕುರ್ಚಿಗೆ ನಾಲ್ಕು ಲೈಸೆನ್ಸು

ಹುಣಸೂರಿನ ಬಸ್ ನಿಲ್ದಾಣದ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡು ನಾನು ಕಲಿತ ಪಾಠ ಒಂದೇ: ಕಚೇರಿಗಳಲ್ಲಿ ಯಂತ್ರ ಕೆಡುವುದು ಕಡಿಮೆ, ಅದರ ಯಜಮಾನರು ಕೆಟ್ಟಿರುವುದು ಹೆಚ್ಚು. ಎಚ್.ಡಿ. ಕೋಟೆಯಿಂದ ಕೆ.ಆರ್. ನಗರದವರೆಗೆ ತಿರುಗಿದ್ದೇನೆ, ಇದಕ್ಕೆ ಅಪವಾದ ಕಂಡಿಲ್ಲ.

ಪಿರಿಯಾಪಟ್ಟಣದ ಆಚೆ ಒಂದು ಸಹಕಾರ ಸಂಘವಿದೆ. ಅದರ ಕಾರ್ಯದರ್ಶಿ ಒಂದು ಬೆಳಗ್ಗೆ ಫೋನ್ ಮಾಡಿದರು. "ಮೂರು ಗಂಟ್ಗೆ ಬೋರ್ಡ್ ಮೀಟಿಂಗು ಕಣ್ರೀ. ಅಜೆಂಡಾ ಟೈಪ್ ಆಯ್ತಿಲ್ಲ, ಬೇಗ ಬನ್ರೀ." ವಾರದ ಮೊದಲೇ ಹಂಚಬೇಕಾದ ಅಜೆಂಡಾವನ್ನು ಮೀಟಿಂಗಿನ ದಿನ ಟೈಪ್ ಮಾಡುವುದು ಅಲ್ಲಿನ ಸಂಪ್ರದಾಯ. ಮಡಿಕೇರಿ ಬಸ್ ಹತ್ತಿದೆ.

ಇದ್ದದ್ದು ಒಂದೇ ಕಂಪ್ಯೂಟರ್. ಪರದೆಯ ಅಂಚಿಗೆ ಒಣಗಿದ ಕುಂಕುಮ. ಮುಂದೆ ಕೂತಿದ್ದವರು ಟೈಪಿಸ್ಟ್ ಹೆಂಗಸು, ಎಂಟು ವರ್ಷದಿಂದಲೂ ಟೆಂಪರರಿ. "ಫೈಲ್ ತೆರೀತದೆ, ಓದ್ಬೋದು. ಒಂದಕ್ಷರ ಸೇರ್ಸಕ್ಕೆ ಬುಡ್ತಿಲ್ಲ ಅಣ್ಣ," ಎಂದರು. ಪಕ್ಕದಲ್ಲಿ ಅಜೆಂಡಾದ ಪ್ರತಿ ಇತ್ತು, ಅವರದೇ ಕೈಬರಹ. ಅದರ ಏಳನೆಯ ವಿಷಯ, ಕೊನೆಯದು, ಅವರ ಕೆಲಸ ಕಾಯಂ ಮಾಡುವುದು. ಆ ಸಾಲನ್ನು ಮಾತ್ರ ಮಿಕ್ಕವಕ್ಕಿಂತ ದುಂಡಗೆ ಬರೆದಿದ್ದರು. ಅಂದಿನದು ಆ ಬೋರ್ಡಿನ ಕೊನೆಯ ಮೀಟಿಂಗು. ಅಜೆಂಡಾದಲ್ಲಿ ಇಲ್ಲದ್ದನ್ನು ಅಲ್ಲಿ ಎತ್ತುವಂತಿಲ್ಲ. ಅಂದು ತಪ್ಪಿದರೆ ಹೊಸ ಬೋರ್ಡಿನ ಮುಂದೆ ಮೊದಲಿಂದ ಕೈಮುಗಿಯಬೇಕು.

ಆ ಆಫೀಸ್ ಸಾಫ್ಟ್‌ವೇರಿನ ಲೈಸೆನ್ಸು ಯಂತ್ರಕ್ಕಲ್ಲ, ಮನುಷ್ಯನಿಗೆ. ಇದ್ದವರು ತಮ್ಮ ಲಾಗಿನ್‌ನಲ್ಲಿ ಬಂದು ಟೈಪ್ ಮಾಡಬಹುದು, ಇಲ್ಲದವರು ನೋಡಬಹುದು ಅಷ್ಟೆ. ಸಂಘ ತೆಗೆದುಕೊಂಡದ್ದು ನಾಲ್ಕು. ಹಂಚಿದ್ದು ಗೋಡೆಯ ಮೇಲಿನ ಗ್ರೂಪ್ ಫೋಟೋದ ಪ್ರಕಾರ. ಅದರಲ್ಲಿ ಕುರ್ಚಿಯ ಮೇಲೆ ಕೂತಿದ್ದವರು ಅಧ್ಯಕ್ಷರು, ಉಪಾಧ್ಯಕ್ಷರು, ಹಿರಿಯ ಡೈರೆಕ್ಟರು, ಕಾರ್ಯದರ್ಶಿ. ಟೈಪಿಸ್ಟ್ ಹಿಂದೆ ನಿಂತಿದ್ದರು. ಅಧ್ಯಕ್ಷರಿಗೆ ಕಂಪ್ಯೂಟರ್ ಹಾಕಲೂ ಬರುವುದಿಲ್ಲ. ಹಿರಿಯ ಡೈರೆಕ್ಟರು ಅದನ್ನು ಮುಟ್ಟುವುದು ವರ್ಷಕ್ಕೊಮ್ಮೆ, ಆಯುಧಪೂಜೆಗೆ. ಆ ಕುಂಕುಮ ಅವರು ಹಚ್ಚಿದ್ದೇ.

ಎರಡು ವರ್ಷ ಆಯಮ್ಮ ಕಾರ್ಯದರ್ಶಿಯ ಲಾಗಿನ್‌ನಲ್ಲೇ ಕೂತು ಇಡೀ ಸಂಘದ ಕೆಲಸ ಮಾಡಿದ್ದರು. ಹಿಂದಿನ ವಾರ ಆಡಿಟ್‌ಗೆ ಬಂದವರು ಒಬ್ಬರ ಲಾಗಿನ್‌ನಲ್ಲಿ ಇನ್ನೊಬ್ಬರು ಕೂರಬಾರದು ಅಂದರಂತೆ. ಅಂದದ್ದೇ ತಡ, ಇವರಿಗೆ ಬೇರೆ ಲಾಗಿನ್ ಮಾಡಿಕೊಟ್ಟರು. ಲೈಸೆನ್ಸು ಕೊಡಲಿಲ್ಲ.

ಮೊದಲು ನನ್ನ ಪಾಲಿನ ಕೆಲಸ ಮುಗಿಸಿದೆ. ಒಂದೇ ಯಂತ್ರವನ್ನು ಹಲವರು ಬಳಸುವಾಗ ಹಾಕಬೇಕಾದ ಸೆಟ್ಟಿಂಗ್ ಹಾಕಿ, ಹಳೆಯ ಆಕ್ಟಿವೇಶನ್ ಅಳಿಸಿ, ನಾಲ್ವರ ಲಾಗಿನ್‌ನಲ್ಲೂ ಸರಿಮಾಡಿದೆ. ಆಮೇಲೆ ಕಾರ್ಯದರ್ಶಿಗೆ, "ಡೈರೆಕ್ಟರ ಲೈಸೆನ್ಸು ತೆಗೆದು ಇವರಿಗೆ ಹಾಕಿಬಿಡ್ತೀನಿ, ಐದು ನಿಮಿಷದ ಕೆಲಸ," ಎಂದೆ.

"ಏ, ಎಲ್ಲಾದ್ರೂ ಉಂಟೇನ್ರೀ? ಅವ್ರುದ್ದು ಕಿತ್ತು ಆಯಮ್ಮಂಗೆ ಕೊಟ್ರೆ ಕುರ್ಚಿ ಕಿತ್ಕಂಡಂಗಲ್ವಾ?"

"ಹಾಗಾದ್ರೆ ಐದನೇದು ತಗೊಳ್ಳಿ."

"ಅದುಕ್ಕೆ ಬೋರ್ಡ್‌ನಲ್ಲಿ ತೀರ್ಮಾನ ಆಗ್ಬೇಕು. ಅಜೆಂಡಾದಲ್ಲಿ ಬರ್ಬೇಕು."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಈ ಪೂಜಾರಿಗೆ ಗಂಟೆ ಹಿಡಿಯಲೂ ಬರುತ್ತಿರಲಿಲ್ಲ. ಸಿಟ್ಟು ತಡೆಯದೆ, "ಟೈಪ್ ಮಾಡೋರನ್ನ ಬಿಟ್ಟು ಮಿಕ್ಕೋರಿಗೆಲ್ಲ ಕೊಟ್ಟಿದ್ದೀರಲ್ಲ ಸ್ವಾಮಿ, ಯಾವ ಬುದ್ಧಿವಂತ ಹಂಚಿದ್ದು ಇದನ್ನ?" ಎಂದೆ.

"ನೀವೇ ಅಲ್ವಾ? ಫೋಟೋ ನೋಡ್ಕಂಡು ನೀವೇ ಹಾಕೊಟ್ರಿ."

ನಿಜ. ಎರಡು ವರ್ಷದ ಹಿಂದೆ, ಹುಣಸೂರಿಗೆ ಹೋಗುವ ಬಸ್ಸಿನ ಹೊತ್ತಾಯಿತೆಂದು, ಗೋಡೆ ನೋಡಿ ನಾಲ್ಕು ಹೆಸರು ಹಾಕಿ ಎದ್ದವನು ನಾನೇ. ಇಲ್ಲಿ ಕೆಲಸ ಮಾಡುವವರು ಯಾರು ಎಂದು ಕೇಳಿರಲಿಲ್ಲ. ನಾಚಿಕೆಯಾಯಿತು.

"ಒಂದಿನದ ಮಟ್ಟಿಗೆ ನಿಮ್ಮ ಲಾಗಿನ್‌ನಲ್ಲಿ ಕೂರಿಸಿ," ಎಂದೆ, ಈ ಸಲ ಮೆತ್ತಗೆ.

"ಆಡಿಟ್‌ನೋರು ಬರ್ದುಬುಟ್ಟವ್ರೆ ಕಣ್ರೀ. ನಾನೇ ಟೈಪ್ ಮಾಡ್ತೀನಿ ಬುಡಿ."

ಆಯಮ್ಮ ಎದ್ದರು, ಕಾರ್ಯದರ್ಶಿ ಕೂತರು. ಒಂದೇ ಬೆರಳು. ಆ ಬೆರಳು ಒಂದೊಂದು ಅಕ್ಷರಕ್ಕೂ ಕೀಲಿಮಣೆಯ ಮೇಲೆ ಪ್ರದಕ್ಷಿಣೆ ಹಾಕಿ ಇಳಿಯುತ್ತಿತ್ತು. "ಒತ್ತಕ್ಷರ ಎಲ್ಲಮ್ಮ ಅದೆ?" "ಎಫ್ ಒತ್ತಿ ಸಾ." ಆಕೆ ಬೆನ್ನ ಹಿಂದೆ ನಿಂತು ಹೇಳುತ್ತಲೇ ಇದ್ದರು. ಅವರ ಬೆರಳುಗಳು ಕುರ್ಚಿಯ ಬೆನ್ನಿನ ಮೇಲೆ ತಾವೇ ಟೈಪ್ ಮಾಡುತ್ತಿದ್ದವು.

ಎರಡೂ ಮುಕ್ಕಾಲಿಗೆ ಆರನೆಯ ವಿಷಯ ಮುಗಿಯಿತು. ಹೊರಗೆ ಅಧ್ಯಕ್ಷರ ಜೀಪು ನಿಂತ ಸದ್ದು. ಆಯಮ್ಮ ಏಳನೆಯದನ್ನು ಓದತೊಡಗಿದರು. ಕಾರ್ಯದರ್ಶಿ ಬೆರಳಿನ ನೆಟಿಕೆ ಮುರಿದು, "ಸಾಕು ಬುಡಮ್ಮ, ಅದು ಮುಂದಿನ್ ಮೀಟಿಂಗ್ಗೆ ಇರ್ಲಿ," ಎಂದು ಪ್ರಿಂಟ್ ಕೊಟ್ಟರು.

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸಂಘದ ವರ್ಷಪೂರ್ತಿ ಸರ್ವೀಸ್ ನನ್ನದು, ಅದನ್ನು ಮುಂದುವರಿಸುವುದೂ ಆ ಅಜೆಂಡಾದಲ್ಲಿತ್ತು, ನಾಲ್ಕನೆಯ ವಿಷಯ. ಬೈಗುಳ ನುಂಗಿ ಸರ್ವೀಸ್ ಫಾರಂ ತುಂಬಿದೆ: 'ಎಲ್ಲ ಬಳಕೆದಾರರಿಗೂ ಸರಿಪಡಿಸಲಾಗಿದೆ.'

ಫಾರಮ್ಮಿಗೆ ಸೀಲ್ ಹಾಕುವುದು ಟೈಪಿಸ್ಟ್ ಕೆಲಸ. ಅವರು ಪೂರ್ತಿ ಓದಿದರು. "ಎಲ್ಲಾರ್ಗೂ ಅಂದ್ರೆ ಎಷ್ಟ್ ಜನುಕ್ಕೆ ಅಣ್ಣ?"

"ನಾಲ್ಕು ಜನಕ್ಕೆ," ಎಂದೆ.

ಅವರು ಸೀಲ್ ಒತ್ತಿ, ಫಾರಮ್ಮನ್ನು ನನ್ನ ಕಡೆ ತಳ್ಳಿ, ಬೋರ್ಡಿನವರಿಗೆ ಕಾಫಿ ಹೇಳಲು ಹೋದರು.