ತುಳಜಮ್ಮಾಯಿಯ ಪಟ್ಟಿ

ನನ್ನ ಲ್ಯಾಪ್‌ಟಾಪಿನ ಬಲಗಡೆಯ ಕೆಳಮೂಲೆಯಲ್ಲಿ ಒಂದು ಸಣ್ಣ ಚೌಕ ಮೂರು ವಾರದಿಂದ ಬಂದು ಕೂತಿತ್ತು. ಹೊಸ ಆಪರೇಟಿಂಗ್ ಸಿಸ್ಟಮ್ ಡೌನ್‌ಲೋಡ್ ಆಗಿದೆ, ಈಗಲೇ ಹಾಕಲೇ, ಆಮೇಲೆ ಹಾಕಲೇ ಎಂದು ಅದರ ಪ್ರಶ್ನೆ. ನಾನು ದಿನಾಲೂ ‘ಆಮೇಲೆ’ ಒತ್ತುತ್ತಿದ್ದೆ. ಮರುದಿನ ಅದು ಮತ್ತೆ ಹಾಜರು. ಬಾಕಿ ಕೇಳಲು ಬಂದವರಾದರೂ ಒಂದು ದಿನ ಬೇಸತ್ತು ಬಿಟ್ಟಾರು, ಇದು ಬಿಡುವ ಜಾತಿಯದಲ್ಲ. ಒಂದು ಬೆಳಿಗ್ಗೆ ಚಹಾ ತಂದಿಟ್ಟ ನನ್ನ ಹೆಂಡತಿ ಅದನ್ನು ನೋಡಿ, “ಅದು ಅಷ್ಟು ಕೇಳಾಕತ್ತದ, ಒಮ್ಮಿ ಹೂಂ ಅನಬಾರ್ದೇನ್ರಿ?” ಎಂದಳು. ಹೂಂ ಎನ್ನಲು ನಾನು ಯಾಕೆ ಹಿಂದೇಟು ಹಾಕುತ್ತೇನೆ ಎಂದು ಅವಳಿಗೆ ಗೊತ್ತಿಲ್ಲ. ಎಂಟು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ಇವತ್ತು ನಿಮಗೆ ಹೇಳುತ್ತೇನೆ.

ಮೊದಲು ನನ್ನ ಪರಿಚಯ. ಬಸವಕಲ್ಯಾಣದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ, ನಿವೃತ್ತನಾಗಿ, ಈಗ ಹುಮನಾಬಾದಿನಲ್ಲಿದ್ದೇನೆ. ಶಾಲೆಯಲ್ಲಿ ನನಗೆ ‘ಕಂಪ್ಯೂಟರ್ ಸರ್’ ಎಂಬ ಹೆಸರಿತ್ತು. ಅದು ಬಂದ ರೀತಿ ಕೇಳಿದರೆ ನಗುತ್ತೀರಿ. ಶಾಲೆಗೆ ಮೊದಲ ಕಂಪ್ಯೂಟರ್ ಬಂದ ದಿನ ಎಲ್ಲರೂ ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ದೂರ ನಿಂತು ನೋಡುತ್ತಿದ್ದರು. ನಾನು ಮುಂದೆ ಹೋಗಿ ವೈರನ್ನು ಗೋಡೆಗೆ ಚುಚ್ಚಿದೆ. ಅಷ್ಟೇ ನನ್ನ ವಿದ್ಯೆ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಆಮೇಲೆ ಯಾರ ಪ್ರಿಂಟರ್ ಕೆಮ್ಮಿದರೂ ನನಗೇ ಕರೆ. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ‘ಸರ್‌ಗೆ ಗೊತ್ತು’ ಎಂದು ನಾಲ್ಕು ಜನ ಅಂದಮೇಲೆ ಗೊತ್ತಿಲ್ಲ ಎನ್ನುವುದಕ್ಕೆ ಬೇರೆಯದೇ ಧೈರ್ಯ ಬೇಕು. ಅದು ನನ್ನಲ್ಲಿ ಯಾವತ್ತೂ ಇರಲಿಲ್ಲ.

ನನ್ನ ನಿವೃತ್ತಿಯೂ ಒಂದು ತಮಾಷೆಯೇ. ಕಾಗದದ ಮೇಲೆ ನಾನು ಹುಟ್ಟಿದ್ದು ಜೂನ್ ಒಂದರಂದು. ನನ್ನ ಓರಗೆಯವರು ಹತ್ತು ಜನರನ್ನು ಕೇಳಿ ನೋಡಿ, ಏಳು ಜನ ಜೂನ್ ಒಂದರವರೇ. ಶಾಲೆಗೆ ಸೇರಿಸಲು ಬಂದ ತಂದೆತಾಯಿಗೆ ದಿನ ಗೊತ್ತಿರುತ್ತಿರಲಿಲ್ಲ, ಹೆಡ್‌ಮಾಸ್ತರರಿಗೆ ತಡೆಯುವಷ್ಟು ವ್ಯವಧಾನ ಇರುತ್ತಿರಲಿಲ್ಲ, ಶಾಲೆ ಶುರುವಾಗುವ ದಿನವೇ ಊರ ಮಕ್ಕಳೆಲ್ಲ ಹುಟ್ಟಿಬಿಡುತ್ತಿದ್ದರು. ಆ ಸುಳ್ಳು ದಿನದ ಲೆಕ್ಕದ ಮೇಲೆಯೇ ನಾನು ನೌಕರಿ ಹಿಡಿದೆ, ಹಾರ ಹಾಕಿಸಿಕೊಂಡು ಮನೆಗೂ ಬಂದೆ. ಪ್ರತಿವರ್ಷ ಅದೇ ದಿನ ಬ್ಯಾಂಕಿನವರು ಮೊಬೈಲಿಗೆ ಶುಭಾಶಯ ಕಳಿಸುತ್ತಾರೆ. ನಾನು ನಿಜವಾಗಿ ಹುಟ್ಟಿದ ದಿನ ಗೊತ್ತಿದ್ದದ್ದು ಒಬ್ಬಳಿಗೆ. ಮೋರಖಂಡಿಯ ತುಳಜಮ್ಮಾಯಿಗೆ.

ಮೋರಖಂಡಿ ನಮ್ಮ ಅವ್ವನ ತವರು. ತುಳಜಮ್ಮಾಯಿ ಆ ಊರಿನ ಸೂಲಗಿತ್ತಿ. ಉಳಿದ ದಿನ ಹೊಲದ ಕೂಲಿ, ಕರೆ ಬಂದಾಗ ಹೆರಿಗೆ. ನಮ್ಮ ಸೋದರಮಾವನ ಮನೆಯಲ್ಲಿ ಹೆರಿಗೆಯ ದಿನ ಅವಳಿಗೆ ಒಳಕೋಣೆಯ ತನಕ ಹಾದಿ ಇತ್ತು. ಕೂಸಿಗೆ ಹನ್ನೆರಡು ದಿನ ತುಂಬಿದ ಮೇಲೆ ಅವಳ ಚಹಾದ ಬಟ್ಟಲು ಮತ್ತೆ ಅಂಗಳದ ಗೋಡೆಯ ಗೂಡಿಗೆ. ಇದನ್ನು ಹುಡುಗನಿದ್ದಾಗ ಕಣ್ಣಾರೆ ನೋಡಿದ್ದೇನೆ. ದೊಡ್ಡವನಾದ ಮೇಲೂ ನೋಡಿದ್ದೇನೆ. ಏನೂ ಅಂದಿಲ್ಲ. ಸುಮ್ಮನಿರುವುದು ನನಗೆ ಅಲ್ಲಿಂದಲೇ ರೂಢಿಯಾಯಿತೇನೋ.

ತುಳಜಮ್ಮಾಯಿಗೆ ಓದು ಬರಹ ಬರುತ್ತಿರಲಿಲ್ಲ. ತಲೆಯೊಳಗೆ ಮಾತ್ರ ಇಡೀ ಊರಿನ ಹುಟ್ಟು ಇತ್ತು. ಇಂಥವನು ಎಳ್ಳಾಮಾಸಿ ಹಬ್ಬ ಮುಗಿದ ಮೂರನೆಯ ದಿನ, ಇಂಥವಳು ಹಳ್ಳ ಬಂದು ಮಲ್ಲಪ್ಪನ ಎಮ್ಮೆ ತೇಲಿಹೋದ ಮರುದಿನ, ಇವರಿಬ್ಬರು ಊರಿಗೆ ಮೊದಲ ಬಸ್ಸು ಬಂದ ವಾರ, ಒಬ್ಬ ಹೊತ್ತು ಮುಳುಗುವ ಮೊದಲು, ಇನ್ನೊಬ್ಬ ಮುಳುಗಿದ ಮೇಲೆ. ಅವಳ ಮೊಮ್ಮಗಳು ಸುಜಾತಾ ನನ್ನ ಶಾಲೆಯಲ್ಲಿ ಓದಿದವಳು. ಡಿಗ್ರಿಗೆ ಬಂದಾಗ ಅವಳಿಗೆ ಒಂದು ಲ್ಯಾಪ್‌ಟಾಪ್ ಸಿಕ್ಕಿತು, ತೀರ ಸಣ್ಣದು, ಒಂದು ರೊಟ್ಟಿಯಗಲದ್ದು. ಆ ಹುಡುಗಿ ಒಂದು ಕೆಲಸ ಮಾಡಿದಳು. ಎರಡು ಬೇಸಿಗೆ ಆಯಿಯ ಪಕ್ಕ ಕೂತು, ಅವಳು ಹೇಳಿದಂತೆ ಒಬ್ಬೊಬ್ಬರ ಹುಟ್ಟನ್ನೂ ಟೈಪ್ ಮಾಡಿದಳು. ಹಳೆಯ ಪಂಚಾಂಗ ಹುಡುಕಿ ತಂದು ಎಮ್ಮೆ ತೇಲಿಹೋದದ್ದಕ್ಕೂ ತಾರೀಖು ಹಚ್ಚಿದಳು. ಇನ್ನೂರಾ ಹದಿನಾಲ್ಕು ಹೆಸರು. ನನ್ನದೂ ಇತ್ತು. “ನಿಮ್ದೂ ಬರದೀನ್ರಿ ಸರ್, ಬಂದು ನೋಡ್ರಿ” ಎಂದು ಎರಡು ಸಲ ಹೇಳಿದ್ದಳು. ಬರುತ್ತೇನೆ ಬರುತ್ತೇನೆ ಎಂದು ನಾನು ಹೋಗಲೇ ಇಲ್ಲ. ಅಷ್ಟರಲ್ಲಿ ತುಳಜಮ್ಮಾಯಿ ತೀರಿಕೊಂಡಳು.

ಅದಾಗಿ ವರ್ಷದ ಮೇಲೆ ಸುಜಾತಾ ಬಂದು, ಲ್ಯಾಪ್‌ಟಾಪ್ ಬಹಳ ನಿಧಾನವಾಗಿದೆ, ತೆರೆಯಲು ಅರ್ಧ ತಾಸು ಹಿಡಿಯುತ್ತದೆ ಎಂದಳು. ಪುಕ್ಕಟೆ ಸಿಗುವ ಒಂದು ಹಗುರ ಆಪರೇಟಿಂಗ್ ಸಿಸ್ಟಮ್ ಇದೆ, ಹಳೆಯ ಮಷೀನು ಕುದುರೆಯಾಗುತ್ತದೆ ಎಂದು ಎಲ್ಲೋ ಓದಿದ್ದೆ. ಮೂರು ದಿನ ಕೂತು ಡೌನ್‌ಲೋಡ್ ಮಾಡಿದೆ, ಪೆನ್‌ಡ್ರೈವಿಗೆ ತುಂಬಿದೆ, ಒಂದು ಭಾನುವಾರ ಮೋರಖಂಡಿಗೆ ಹೋದೆ. ಬುದ್ಧನ ಫೋಟೊದ ಕೆಳಗೆ ಚಾಪೆ ಹಾಸಿ ನನ್ನನ್ನು ಕೂಡಿಸಿದರು. ಸುಜಾತಾಳ ತಾಯಿ, ಓಣಿಯ ಐದಾರು ಜನ, ಎಲ್ಲರೂ ಸುತ್ತ ನಿಂತರು. ಮೊದಲು ಪಟ್ಟಿಯನ್ನು ಬೇರೆ ಕಡೆ ತೆಗೆದಿಡಲೇ ಎಂದು ಸುಜಾತಾ ಕೇಳಿದಳು. ಬೇಡ, ಎಲ್ಲ ಇದ್ದಂತೆ ಇರುತ್ತದೆ ಎಂದೆ. ಈ ಮಾತನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ನಡುವೆ ಒಂದು ಕಡೆ ಅದು ನಿಂತು ಪ್ರಶ್ನೆ ಕೇಳಿತು. ಇಂಗ್ಲಿಷಿನಲ್ಲಿ ಎರಡು ಸಾಲು. ಹಳೆಯದನ್ನು ಇದ್ದಂತೆ ಉಳಿಸಿಕೊಳ್ಳಲೇ ಎಂದು ಒಂದು, ಇಡೀ ಡಿಸ್ಕನ್ನು ಅಳಿಸಿ ಹೊಸದಾಗಿ ಹಾಕಲೇ ಎಂದು ಇನ್ನೊಂದು. ಎರಡನೆಯದರ ಮುಂದೆ ಮೊದಲೇ ಚುಕ್ಕೆ ಬಿದ್ದಿತ್ತು. ನಾನು ಇಂಗ್ಲಿಷ್ ಮಾಸ್ತರ. ಪ್ರಶ್ನೆಯನ್ನು ಎರಡು ಸಲ ಓದಿ ಆಮೇಲೆ ಉತ್ತರ ಬರೆಯಿರಿ ಎಂದು ಮೂವತ್ತು ವರ್ಷ ಮಕ್ಕಳ ಕಿವಿಯಲ್ಲಿ ಊದಿದವನು. ಒಂದು ಸಲವೂ ಪೂರ್ತಿ ಓದಲಿಲ್ಲ. ಅಷ್ಟು ಜನ ನೋಡುತ್ತಿರುವಾಗ ಕಂಪ್ಯೂಟರ್ ಸರ್ ಬೆರಳು ತಡೆದು, ತುಟಿ ಅಲ್ಲಾಡಿಸುತ್ತ ಓದುತ್ತ ಕೂತರೆ ಏನು ಚೆಂದ? ಮುಂದೆ ಹೋಗು ಎಂದೆ. ಈ ಸಲ ಕೆಂಪು ಅಕ್ಷರದಲ್ಲಿ ಕೇಳಿತು.

“ಏನ್ ಕೇಳಾಕತ್ತದ್ರಿ ಸರ್ ಅದು?” ಎಂದಳು ಸುಜಾತಾ.

“ಅದು ಸುಮ್ನ ಕೇಳ್ತದವ್ವ. ಹೂಂ ಅಂದ್ರ ಮುಂದ ಹೋಗ್ತದ.”

ಹೂಂ ಅಂದೆ. ಮುಂದೆ ಹೋಯಿತು.

ನಲವತ್ತು ನಿಮಿಷದ ಮೇಲೆ ಲ್ಯಾಪ್‌ಟಾಪ್ ಹೊಸ ಸೊಸೆಯ ಹಾಗೆ ತೆರೆದುಕೊಂಡಿತು. ತಿಳಿ ನೀಲಿ ಪರದೆ, ಮೇಲೆ ಏನೂ ಇಲ್ಲ. ಒಳಗೂ ಏನೂ ಇಲ್ಲ. ಒಂದೊಂದೇ ಫೋಲ್ಡರ್ ತೆರೆದು ನೋಡಿದೆ. ಸುಜಾತಾ ಪಕ್ಕದಲ್ಲಿ ಕೂತು ಕಾಯುತ್ತಿದ್ದಳು. ಆಗ ನಿಜ ಹೇಳಬಹುದಿತ್ತು. ತಪ್ಪಾಯಿತವ್ವ, ನಾನು ಓದಲಿಲ್ಲ ಎಂದರೆ ಮೂರೇ ಶಬ್ದ. ಹೇಳಿದ್ದೇನು ಗೊತ್ತೇ? ಈ ಡಿಸ್ಕು ಮೊದಲೇ ಕೆಟ್ಟಿತ್ತು, ಇವತ್ತಲ್ಲ ನಾಳೆ ತಾನಾಗಿಯೇ ಹೋಗುವುದಿತ್ತು, ಹಳೆಯ ಮಷೀನುಗಳ ಹಣೆಬರಹವೇ ಇಷ್ಟು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸುಜಾತಾ ಎದ್ದು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಬಂದಳು. ಅವಳ ತಾಯಿ ಮಗಳನ್ನೇ ಬೈದಳು, ನೀನೇ ದಿನಾ ಒಲೆಯ ಮುಂದೆ ಇಟ್ಟುಕೊಂಡು ಕೂಡುತ್ತಿದ್ದೆ, ಕಾವಿಗೆ ಕೆಟ್ಟಿದೆ ಎಂದು. ನಾನು ತಿದ್ದಲಿಲ್ಲ. ಆಮೇಲೆ ಆ ತಾಯಿ ನನಗೆ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ನಾನು ಉಂಡೆ. ಇನ್ನೊಂದು ಹಾಕಲೇ ಎಂದಾಗ ಹಾಕಿಸಿಕೊಂಡೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಮನಸ್ಸು ಚುಚ್ಚುತ್ತಿತ್ತಲ್ಲ, ಅದಕ್ಕೊಂದು ಸಮಾಧಾನ ಬೇಕಿತ್ತು. ಲ್ಯಾಪ್‌ಟಾಪನ್ನು ಮನೆಗೆ ತಂದು ಎರಡು ದಿನ ಇಟ್ಟುಕೊಂಡೆ. ಹಾಡು, ಸಿನಿಮಾ, ಶಬ್ದಕೋಶ, ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳು, ಹೂವಿನ ಚಿತ್ರಗಳು, ಸಿಕ್ಕಿದ್ದೆಲ್ಲ ಅದರ ಹೊಟ್ಟೆಗೆ ತುರುಕಿದೆ. ಹುಡುಗಿಗೆ ಖುಷಿಯಾಗಲಿ ಎಂದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ, ನಾನು ಆನೆಯನ್ನೂ ಕೊಡಲಿಲ್ಲ, ಐನೂರು ಹಾಡು ಕೊಟ್ಟೆ. ಅವಳು ಎರಡೂ ಕೈಯಿಂದ ತೆಗೆದುಕೊಂಡು, ಭಾಳ ಉಪಕಾರ ಆಯ್ತ್ರಿ ಸರ್ ಎಂದಳು.

ನಾನು ಮಾಡಿದ್ದು ಏನು ಎಂದು ನನಗೇ ತಿಳಿದದ್ದು ಆಮೇಲೆ, ಹುಮನಾಬಾದಿಗೆ ಬಂದ ಮೇಲೆ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ರಿಪೇರಿ ಅಂಗಡಿಗೆ ಹೋಗಿದ್ದೆ, ನನ್ನ ಪೆನ್‌ಡ್ರೈವಿನಿಂದ ಫೋಟೊಗಳು ಅಳಿಸಿಹೋಗಿದ್ದವು. ಅಂಗಡಿಯವನು ಅದರ ಮೇಲೆ ಬೇರೆ ಏನಾದರೂ ಹಾಕಿದಿರಾ ಎಂದು ಕೇಳಿದ. ಇಲ್ಲ ಎಂದೆ. ಹಾಗಿದ್ದರೆ ಬಹಳಷ್ಟು ಸಿಗುತ್ತವೆ, ಅಳಿಸಿದ್ದು ಕೂಡಲೇ ಹೋಗುವುದಿಲ್ಲ, ಅದರ ಮೇಲೆ ಹೊಸದನ್ನು ತುಂಬುತ್ತ ಹೋದರೆ ಮಾತ್ರ ಪೂರ್ತಿ ಹೋಗುತ್ತದೆ ಎಂದ. ನಾನು ಅಲ್ಲಿಯೇ ಸ್ಟೂಲಿನ ಮೇಲೆ ಕೂತೆ. ಆ ಭಾನುವಾರ ನಿಜ ಹೇಳಿ, ಆ ಲ್ಯಾಪ್‌ಟಾಪನ್ನು ಹಾಗೇ ಇಂಥವನ ಕೈಗೆ ಕೊಟ್ಟಿದ್ದರೆ ತುಳಜಮ್ಮಾಯಿಯ ಇನ್ನೂರಾ ಹದಿನಾಲ್ಕರಲ್ಲಿ ಎಷ್ಟೋ ಬರುತ್ತಿದ್ದವು. ನನ್ನ ಬೆರಳು ಮಾಡಿದ್ದು ಅರ್ಧ. ಸುಳ್ಳು ಮುಚ್ಚಲು ತುಂಬಿದ ಹಾಡುಗಳು ಮಾಡಿದ್ದು ಉಳಿದರ್ಧ. ಅವತ್ತಿನಿಂದ ಮೋರಖಂಡಿಯ ದಾರಿಯನ್ನೇ ಬಿಟ್ಟೆ.

ಹೆಂಡತಿ ಹೂಂ ಅನಬಾರ್ದೇನ್ರಿ ಎಂದ ಆ ಬೆಳಿಗ್ಗೆ ನಾನು ಚಹಾ ಕುಡಿದು ಬಸ್ಸು ಹತ್ತಿದೆ. ಬಸವಕಲ್ಯಾಣದಲ್ಲಿ ಇಳಿದು ಟಂಟಂ ಆಟೊ ಹಿಡಿದು ಮೋರಖಂಡಿಗೆ ಹೋದೆ. ಸುಜಾತಾ ಈಗ ಕೊಹಿನೂರು ಎಂಬ ಹಳ್ಳಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿ, ಬೇಸಿಗೆ ರಜೆಯಾದ್ದರಿಂದ ಮನೆಯಲ್ಲಿದ್ದಳು. ತಾಯಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಅದೇ ಚಾಪೆ ಹಾಸಿದರು. ನಾನು ಕೂಡದೆ, ನಿಂತೇ ಎಲ್ಲ ಹೇಳಿದೆ. ಓದದೆ ಒತ್ತಿದ್ದು, ಡಿಸ್ಕು ಕೆಟ್ಟಿರಲಿಲ್ಲ ಎಂಬುದು, ಹಾಡು ತುಂಬಿದ್ದರಿಂದ ಏನಾಯಿತು ಎಂಬುದು.

“ಗೊತ್ತದರಿ ಸರ್” ಎಂದಳು ಸುಜಾತಾ. “ನೀವು ತಿರುಗಿ ಕೊಟ್ಟ ವಾರದಾಗೇ ಹುಮನಾಬಾದಕ್ಕ ಒಯ್ದು ತೋರ್ಸಿದ್ದೆರಿ. ಡಿಸ್ಕ್ ಛಲೋ ಅದ, ಯಾರೋ ಪೂರಾ ಅಳಿಸ್ಯಾರ, ಮ್ಯಾಲ ಹಾಡು ತುಂಬ್ಯಾರ ಅಂದ ಅಂವ. ಯಾರು ಮಾಡ್ಯಾರಂತ ಕೇಳ್ದ. ನಾನೇ ಅಂದೆ.”

ನೀನು ಯಾಕೆ ಹಾಗೆ ಅಂದೆ ಎಂದು ಕೇಳಿದೆ.

“ಅಂಗಡ್ಯಾಗ ನಿಮ್ಮ ಶಾಲಿ ಹುಡುಗೂರು ಇದ್ರು. ನಿಮ್ಮ ಹೆಸರು ಹ್ಯಾಂಗ ಹೇಳ್ಲಿರಿ? ಡಿಗ್ರಿ ಓದೀದಿ, ಎರಡು ಸಾಲು ಇಂಗ್ಲಿಷ್ ಓದಾಕ ಬರಂಗಿಲ್ಲೇನು ಅಂತ ಬೈದ. ಬೈಸ್ಕೊಂಡೆ.”

ತಾಯಿಯ ಕೈಯಲ್ಲಿ ಮೊರ ನಿಂತುಬಿಟ್ಟಿತ್ತು. ಎಂಟು ವರ್ಷ ಅವಳು ಮಗಳದೇ ತಪ್ಪು ಎಂದುಕೊಂಡಿದ್ದಳು, ಈಗ ನನ್ನಿಂದ ಕೇಳುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. “ನಮ್ಮತ್ತಿ ಬಾಯಿಲಿಂದ ಬಂದಿದ್ದು ಅದೊಂದೇ ಇತ್ತು” ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು. ಚಹಾ ಬರಲಿಲ್ಲ. ಬರಬಾರದು ಎಂದೇ ನನಗೂ ಅನ್ನಿಸಿತು. ನಾಚಿಕೆಯಿಂದ ಕೈ ಎಲ್ಲಿಡಬೇಕು ತಿಳಿಯದೆ ನಿಂತಿದ್ದೆ.

ಸುಜಾತಾ ಒಳಗಿನಿಂದ ಅದೇ ಲ್ಯಾಪ್‌ಟಾಪ್ ತಂದಳು. ಮುಚ್ಚಳದ ಕೀಲಿಗೆ ಟೇಪು ಸುತ್ತಿತ್ತು. ತೆರೆದರೆ ಮೂಲೆಯಲ್ಲಿ ನನ್ನ ಮನೆಯದರಂಥದೇ ಒಂದು ಚೌಕ. ಎರಡು ತಿಂಗಳಿಂದ ಕೇಳುತ್ತಿದೆ, ಒತ್ತಲು ಅಂಜಿಕೆ ಎಂದಳು. ನಾನಿದ್ದೇನೆ ಎನ್ನುವ ಮಾತು ಬಾಯಿಯ ತನಕ ಬಂದಿತ್ತು, ನುಂಗಿಕೊಂಡೆ. ಮೊದಲು ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಕೋ ಎಂದೆ. ಅವಳು ಆಗಲೇ ಎರಡು ಪೆನ್‌ಡ್ರೈವಿನಲ್ಲಿ ಹಾಕಿದ್ದಳು. ಅವಳು ಇಂಗ್ಲಿಷ್ ಚೆನ್ನಾಗಿಯೇ ಓದುತ್ತಾಳೆ, ನನ್ನ ಹಂಗು ಬೇಕಿರಲಿಲ್ಲ. ಆದರೂ ನೀವು ಓದಿ ಹೇಳ್ರಿ ಎಂದಳು. ಬಂದ ಪ್ರತಿಯೊಂದು ಸಾಲನ್ನೂ ನಾನು ಎರಡು ಸಲ ಓದಿ, ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದೆ. ನನ್ನ ಕೈ ಬೆನ್ನ ಹಿಂದೆಯೇ ಇತ್ತು. ಒತ್ತಿದವಳು ಅವಳು. ಮುಗಿಯಲು ಒಂದು ತಾಸಿನ ಮೇಲೆ ಹಿಡಿಯಿತು.

ಎಲ್ಲ ಇದ್ದಂತೆ ಇತ್ತು. ಅವಳು ಒಂದು ಫೈಲ್ ತೆರೆದಳು. ತುಳಜಮ್ಮಾಯಿಯ ಪಟ್ಟಿ. ಎಂಟು ವರ್ಷದಿಂದ ನೆನಪು ಮಾಡಿಕೊಂಡು, ಮನೆ ಮನೆಗೆ ಹೋಗಿ ಮುದುಕಿಯರನ್ನು ಕೇಳಿ, ಮತ್ತೆ ಕಟ್ಟುತ್ತಿದ್ದಾಳೆ. ಹೆಸರುಗಳು ಬಹುತೇಕ ಬಂದಿವೆ, ದಿನ ಸಿಕ್ಕಿರುವುದು ಅರವತ್ತೊಂದು ಜನರಿಗೆ. ತಪ್ಪು ಒಪ್ಪಿಕೊಳ್ಳಲು ಹೋದವನು ನಾನು, ಆದರೂ ಕಣ್ಣು ಮೊದಲು ಹುಡುಕಿದ್ದು ನನ್ನ ಹೆಸರನ್ನೇ. ಇತ್ತು. ಅವ್ವನ ಹೆಸರಿತ್ತು, ಮಾವನ ಮನೆಯ ಹೆಸರಿತ್ತು. ಮುಂದಿನ ಚೌಕ ಖಾಲಿ.

“ಆಯಿ ಹೇಳಿದ್ಳರಿ, ನಾ ಟೈಪ್ ಮಾಡಿದ್ದೂ ನೆನಪದ” ಎಂದಳು ಸುಜಾತಾ. “ಏನ್ ಹೇಳಿದ್ಳು ಅನ್ನೋದು ಎಷ್ಟ್ ಮಾಡಿದ್ರೂ ಬರವಲ್ದು.”

ಅವ್ವ ಹೋಗಿ ವರ್ಷಗಳಾದವು, ಮಾವನೂ ಇಲ್ಲ. ಇನ್ನು ಕೇಳಲು ಯಾರೂ ಉಳಿದಿಲ್ಲ. ಆ ಖಾಲಿ ಚೌಕವನ್ನೇ ನೋಡುತ್ತ ಕೂತೆ. ನನಗೆ ಕೆಡುಕೆನಿಸಿತು ಎಂದು ಅವಳಿಗೆ ಅನ್ನಿಸಿರಬೇಕು. ಬೆರಳನ್ನು ಕೀಲಿಮಣೆಯ ಮೇಲಿಟ್ಟು ಕೇಳಿದಳು.

“ಸದ್ಯಕ್ಕ ಜೂನ್ ಒಂದು ಅಂತ ಹಾಕ್ಲೇನ್ರಿ ಸರ್?”

ಹೂಂ ಅನ್ನಲು ನಾನು ಅವಸರ ಮಾಡಲಿಲ್ಲ.

“ಬ್ಯಾಡವ್ವ” ಎಂದೆ. “ಖಾಲಿ ಇರ್ಲಿ.”